ಕಿರುನಾಡಿನ ಹಿರಿಮೆ

ದೊಡ್ಡದನ್ನು ಕಂಡು ಬೆರಗಾಗುವುದು ಮನುಷ್ಯನ ಸಹಜ ಸ್ವಭಾವ. ದೊಡ್ಡ ಬೆಟ್ಟ, ದೊಡ್ಡ ರಾಜ್ಯ, ದೊಡ್ಡ ಸೈನ್ಯ ಇವುಗಳ ಹೆಸರು ಎಲ್ಲರ ಬಾಯಲ್ಲಿಯೂ ಇರುತ್ತದೆ. ಪ್ರಪಂಚದ ಭೂಪಟವನ್ನು ಬಿಡಿಸಿದೊಡನೆ ನಮ್ಮ ಕಣ್ಣು ಮೊದಲು ಹೋಗುವುದು ರಷ್ಯಾ, ಕೆನಡಾ, ಚೀನಾ ಮೊದಲಾದ ವಿಸ್ತಾರವಾದ ದೇಶಗಳ ಕಡೆಗೆ. ಸಣ್ಣ ದೇಶಗಳ ಹೆಸರನ್ನು ಬರೆಯಲು ಅವುಗಳ ಗಡಿಯೊಳಗೆ ಸ್ಥಳವೇ ಸಾಲದೆ, ಪಕ್ಕದ ಸಮುದ್ರದ ಮೇಲೆ ಅಕ್ಷರಗಳನ್ನು ಅಚ್ಚು ಹಾಕಿರುತ್ತಾರೆ. ಆದರೆ ಭೂಗೋಳವನ್ನೂ ಇತಿಹಾಸವನ್ನೂ ಸ್ವಲ್ಪ ಆಳವಾಗಿ ಓದಿದವರಿಗೆ ಬೇರೊಂದು ಸಂಗತಿ ತಿಳಿದುಬರುತ್ತದೆ. ನಕ್ಷೆಯಲ್ಲಿ ಬೆರಳ ತುದಿಯಿಂದ ಮುಚ್ಚಿಹೋಗುವಂತಹ ನಾಡೊಂದು ಕೋಟ್ಯಂತರ ಜನರ ಬಾಳಿಗೆ ಆಧಾರವಾಗಿರುವುದುಂಟು. 'ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು' ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಹೀಗಾಗುವುದೇಕೆ? ವಿಸ್ತೀರ್ಣದಲ್ಲಿಯೂ ಜನಸಂಖ್ಯೆಯಲ್ಲಿಯೂ ಕಿರಿದಾದ ನಾಡಿಗೆ ಹಿರಿಮೆ ಎಲ್ಲಿಂದ ಬರುತ್ತದೆ? ಬಂದ ಹಿರಿಮೆಯಿಂದ ಅದಕ್ಕೆ ಸುಖವೆಷ್ಟು, ಕಷ್ಟವೆಷ್ಟು? ಈ ಪ್ರಶ್ನೆಗಳನ್ನು ವಿಚಾರಮಾಡುವುದು ಈ ಪಾಠದ ಉದ್ದೇಶ. ಇದಕ್ಕೆ ನಿದರ್ಶನವನ್ನು ಹುಡುಕಿಕೊಂಡು ನಾವು ಬಹುದೂರ ಹೋಗಬೇಕಾಗಿಲ್ಲ. ಚೆನ್ನೈ ನಗರದ ಅನೇಕ ಮನೆಗಳ ಕೊಳಾಯಿಯಲ್ಲಿ ಬರುವ ನೀರಿಗೂ, ಬೆಳಗ್ಗೆ ಕುಡಿಯುವ ಕಾಫಿಗೂ ಸಂಬಂಧವುಳ್ಳ ಒಂದು ಕಿರುನಾಡು ಕನ್ನಡನಾಡಿನಲ್ಲಿಯೇ ಇದೆ. ಅದೇ ಕೊಡಗು.

ಕೊಡಗಿನ ಅಳತೆ

ಮೊದಲು ಅಳತೆಯನ್ನು ನೋಡೋಣ. ಕೊಡಗಿನ ವಿಸ್ತೀರ್ಣ ೪,೧೦೨ ಚದರ ಕಿಲೋಮೀಟರು. ಕರ್ನಾಟಕದ ವಿಸ್ತೀರ್ಣ ೧,೯೧,೭೯೧ ಚದರ ಕಿಲೋಮೀಟರು. ಎಂದರೆ, ರಾಜ್ಯವನ್ನು ನಲವತ್ತೇಳು ಪಾಲು ಮಾಡಿದರೆ ಕೊಡಗು ಅದರಲ್ಲಿ ಒಂದು ಪಾಲು. ೨೦೧೧ರ ಜನಗಣತಿಯಂತೆ ಅಲ್ಲಿಯ ಜನಸಂಖ್ಯೆ ೫,೫೪,೫೧೯. ಅದೇ ಜನಗಣತಿಯಲ್ಲಿ ಚೆನ್ನೈ ಜಿಲ್ಲೆಯೊಂದರಲ್ಲಿಯೇ ೪೬ ಲಕ್ಷಕ್ಕೂ ಹೆಚ್ಚು ಜನರಿದ್ದರು. ಕೊಡಗಿನ ಜನರನ್ನೆಲ್ಲ ಕರೆತಂದು ಈ ಊರಿನಲ್ಲಿ ನಿಲ್ಲಿಸಿದರೂ ಅವರು ಇಲ್ಲಿಯ ಜನಸಮುದ್ರದಲ್ಲಿ ಎಂಟರಲ್ಲಿ ಒಂದು ಪಾಲಿನಷ್ಟೂ ಆಗಲಾರರು.

ಇಷ್ಟು ಸಣ್ಣದಾದರೂ ಕೊಡಗು ಒಂದು ಕಾಲಕ್ಕೆ ತನ್ನದೇ ಅರಸರಿದ್ದ ಸ್ವತಂತ್ರ ನಾಡಾಗಿತ್ತು. ಹಾಲೇರಿ ವಂಶದ ಅರಸರು ೧೮೩೪ರವರೆಗೆ ಅಲ್ಲಿ ಆಳಿದರು. ಅನಂತರ ಅದು ಬ್ರಿಟಿಷರ ಅಧೀನದಲ್ಲಿ ಪ್ರತ್ಯೇಕ ಪ್ರಾಂತವಾಗಿ ಉಳಿಯಿತು. ಸ್ವಾತಂತ್ರ್ಯ ಬಂದ ಮೇಲೆಯೂ ಕೆಲವು ವರ್ಷ ಕೊಡಗು ಭಾರತ ಒಕ್ಕೂಟದ ಒಂದು ಪ್ರತ್ಯೇಕ ರಾಜ್ಯವೇ ಆಗಿತ್ತು. ೧೯೫೨ರಲ್ಲಿ ಅಲ್ಲಿ ೨೪ ಮಂದಿ ಸದಸ್ಯರ ಶಾಸನಸಭೆ ಏರ್ಪಟ್ಟು, ಸಿ. ಎಂ. ಪೂಣಚ್ಚ ಅವರು ಮುಖ್ಯಮಂತ್ರಿಯಾದರು. ಭಾಷಾವಾರು ಪ್ರಾಂತರಚನೆಯಾದಾಗ, ೧೯೫೬ರ ನವೆಂಬರ್ ೧ರಂದು, ಕೊಡಗು ವಿಶಾಲ ಮೈಸೂರು ರಾಜ್ಯದಲ್ಲಿ ಸೇರಿ ಜಿಲ್ಲೆಯಾಯಿತು. ಆದ್ದರಿಂದ ಕೊಡಗನ್ನು ನಾಡೆಂದು ಕರೆಯುವುದು ಅತಿಶಯೋಕ್ತಿಯಲ್ಲ.

ಮೊದಲನೆಯ ಕಾರಣ: ನಿಂತ ನೆಲೆ

ಕಿರುನಾಡಿಗೆ ಹಿರಿಮೆ ತರುವ ಮೊದಲನೆಯ ಕಾರಣ ಅದು ನಿಂತಿರುವ ಸ್ಥಳ. ಕೊಡಗು ಸಹ್ಯಾದ್ರಿಯ ನೆತ್ತಿಯ ಮೇಲಿದೆ. ಮಡಿಕೇರಿ ಸಮುದ್ರಮಟ್ಟಕ್ಕಿಂತ ೧,೧೦೦ ಮೀಟರಿಗೂ ಎತ್ತರದಲ್ಲಿದೆ. ತಡಿಯಂಡಮೋಳ್ ಶಿಖರದ ಎತ್ತರ ೧,೭೪೮ ಮೀಟರು. ಜೂನ್ ತಿಂಗಳಲ್ಲಿ ಅರಬ್ಬೀ ಸಮುದ್ರದಿಂದ ತೇವವನ್ನು ಹೊತ್ತು ಬರುವ ಮುಂಗಾರು ಗಾಳಿ ಈ ಬೆಟ್ಟಗಳ ಗೋಡೆಗೆ ತಾಗಿ ಮೇಲೇರುತ್ತದೆ. ಮೇಲೇರಿದಂತೆಲ್ಲ ತಣ್ಣಗಾಗಿ ಮಳೆಯಾಗಿ ಸುರಿಯುತ್ತದೆ. ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ ೩,೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಭಾಗಮಂಡಲದ ಕಡೆ ಇನ್ನೂ ಹೆಚ್ಚು. ನಮ್ಮ ಚೆನ್ನೈಯಲ್ಲಿ ಬೀಳುವುದು ಸುಮಾರು ೧,೪೦೦ ಮಿಲಿಮೀಟರು.

ಆದರೆ ಮಳೆ ಎಷ್ಟು ಬಿತ್ತು ಎಂಬುದಕ್ಕಿಂತ, ಯಾವಾಗ ಬಿತ್ತು ಮತ್ತು ಎಲ್ಲಿಗೆ ಹರಿಯಿತು ಎಂಬುದು ಇಲ್ಲಿ ಮುಖ್ಯ. ಬ್ರಹ್ಮಗಿರಿಯ ತಪ್ಪಲಿನ ತಲಕಾವೇರಿಯಿಂದ ಅರಬ್ಬೀ ಸಮುದ್ರಕ್ಕೆ ನೆಟ್ಟಗೆ ಅಳೆದರೆ ಸುಮಾರು ೫೦ ಕಿಲೋಮೀಟರು ಮಾತ್ರ. ಆ ಬೆಟ್ಟಗಳ ಪಡುವಣ ಇಳಿಜಾರಿನಲ್ಲಿ ಹುಟ್ಟುವ ಪಯಸ್ವಿನಿ ನದಿ ಸುಳ್ಯವನ್ನು ಹಾದು, ಚಂದ್ರಗಿರಿ ಎಂಬ ಹೆಸರಿನಿಂದ ಕಾಸರಗೋಡಿನ ಬಳಿ ಬೇಗನೆ ಕಡಲನ್ನು ಸೇರಿಬಿಡುತ್ತದೆ. ಕಾವೇರಿಯಾದರೋ ಹತ್ತಿರದ ಸಮುದ್ರಕ್ಕೆ ಬೆನ್ನು ಮಾಡಿ ಮೂಡಣಕ್ಕೆ ತಿರುಗಿ, ಸುಮಾರು ೮೦೦ ಕಿಲೋಮೀಟರು ನಡೆದು ಬಂಗಾಳಕೊಲ್ಲಿಗೆ ಬರುತ್ತಾಳೆ. ನೆಲದ ಓರೆ ಆ ದಿಕ್ಕಿಗೆ ಇದ್ದುದರಿಂದ ದಕ್ಷಿಣಭಾರತದ ಒಳನಾಡಿಗೆಲ್ಲ ನೀರಿನ ಭಾಗ್ಯ ಬಂದಿತು.

ಕಾಲದ ವಿಷಯವೂ ಹಾಗೆಯೇ. ತಮಿಳುನಾಡಿನ ಕರಾವಳಿಗೆ ಮುಖ್ಯವಾದ ಮಳೆಗಾಲ ಅಕ್ಟೋಬರಿನಿಂದ ಡಿಸೆಂಬರ್‌ವರೆಗಿನ ಹಿಂಗಾರು. ಜೂನ್, ಜುಲೈ ತಿಂಗಳಲ್ಲಿ ತಂಜಾವೂರಿನ ಆಕಾಶ ಬರಿದಾಗಿರುವಾಗ ಕೊಡಗಿನಲ್ಲಿ ಹಗಲಿರುಳು ಮಳೆ ಹೊಯ್ಯುತ್ತಿರುತ್ತದೆ. ಆ ನೀರು ಇಳಿದುಬಂದುದರಿಂದಲೇ ತಂಜಾವೂರಿನ ರೈತ 'ಕುರುವೈ' ಎಂಬ ಮೊದಲ ಬತ್ತದ ಬೆಳೆಯನ್ನು ನೆಡಬಲ್ಲನು. ಮೆಟ್ಟೂರು ಅಣೆಕಟ್ಟೆಯ ಬಾಗಿಲನ್ನು ಜೂನ್ ೧೨ರಂದು ತೆರೆಯುವ ವಾಡಿಕೆ ಇದಕ್ಕಾಗಿಯೇ ಬಂದದ್ದು. ಆಡಿ ತಿಂಗಳ ಹದಿನೆಂಟನೆಯ ದಿನ ನಿಮ್ಮ ತಮಿಳು ಗೆಳೆಯರ ಮನೆಗಳಲ್ಲಿ ಚಿತ್ರಾನ್ನಗಳನ್ನು ಮಾಡಿ, ತುಂಬಿ ಬಂದ ನದಿಯನ್ನು ಪೂಜಿಸುವುದನ್ನು ನೀವು ಕೇಳಿ ಬಲ್ಲಿರಿ. ಆ ಹಬ್ಬದ ಪ್ರವಾಹ ಬಹುಮಟ್ಟಿಗೆ ಸಹ್ಯಾದ್ರಿಯ ಮುಂಗಾರಿನ ಪ್ರವಾಹ. ಬೆಟ್ಟದ ಮೇಲೆ ಕೊಡವರು ಕಂಬಳಿ ಹೊದ್ದು ಗದ್ದೆಯಲ್ಲಿ ನಾಟಿ ಮಾಡುವ ಕಾಲಕ್ಕೆ, ಕೆಳಗೆ ಬಯಲಿನಲ್ಲಿ ಅದೇ ಮಳೆಯ ಹೆಸರಿನಲ್ಲಿ ಹಬ್ಬ ನಡೆಯುತ್ತದೆ.

ಕಾವೇರಿಯ ನೀರೆಲ್ಲವೂ ಕೊಡಗಿನದೆಂದು ಹೇಳುವುದು ಸರಿಯಲ್ಲ. ಹೇಮಾವತಿ ಚಿಕ್ಕಮಗಳೂರಿನ ಕಡೆಯಿಂದ, ಕಬಿನಿ ಕೇರಳದ ವಯನಾಡಿನಿಂದ, ಭವಾನಿ ನೀಲಗಿರಿಯಿಂದ ಬಂದು ಸೇರುತ್ತವೆ. ಆದರೂ ಮೂಲ ಕಾವೇರಿ, ಹಾರಂಗಿ, ಲಕ್ಷ್ಮಣತೀರ್ಥ ಈ ಮೂರೂ ಕೊಡಗಿನ ಮಕ್ಕಳು. ಇವುಗಳ ನೀರಿನಿಂದ ಮುಂದೆ ಏನೇನು ನಡೆಯುತ್ತದೆ ಎಂಬುದನ್ನು ನದಿಯ ಜೊತೆಯಲ್ಲಿಯೇ ನಡೆದು ನೋಡೋಣ. ಕನ್ನಂಬಾಡಿಯ ಕೃಷ್ಣರಾಜಸಾಗರದಲ್ಲಿ ನಿಂತ ನೀರು ಮಂಡ್ಯದ ಗದ್ದೆಗಳನ್ನು ಹಸುರುಮಾಡುತ್ತದೆ. ಶಿವನಸಮುದ್ರದಲ್ಲಿ ಧುಮುಕಿದ ನೀರು ೧೯೦೨ರಲ್ಲಿಯೇ ವಿದ್ಯುತ್ತಾಗಿ ಕೋಲಾರದ ಚಿನ್ನದ ಗಣಿಗಳನ್ನು ಸೇರಿತು. ೧೯೭೪ರಿಂದ ಕಾವೇರಿ ಬೆಂಗಳೂರಿನ ಬಾಯಾರಿಕೆಯನ್ನೂ ಹಿಂಗಿಸುತ್ತಿದ್ದಾಳೆ. ಹೊಗೇನಕಲ್ಲಿನಲ್ಲಿ ಬಂಡೆಗಳ ನಡುವೆ ಭೋರ್ಗರೆದು, ೧೯೩೪ರಲ್ಲಿ ಮುಗಿದ ಮೆಟ್ಟೂರು ಜಲಾಶಯದಲ್ಲಿ ತಂಗಿ, ತಿರುಚಿರಾಪಳ್ಳಿಯ ಬಳಿ ಶ್ರೀರಂಗವನ್ನು ಬಳಸಿ, ಕರಿಕಾಲ ಚೋಳನ ಹೆಸರಿನೊಡನೆ ಬೆಸೆದುಕೊಂಡಿರುವ ಕಲ್ಲಣೈಯನ್ನು ದಾಟಿ ನದಿ ಕವಲುಕವಲಾಗಿ ಒಡೆಯುತ್ತದೆ.

ಆ ಕವಲುಗಳಲ್ಲಿ ಒಂದಾದ ಕೊಳ್ಳಿಡಂ ನದಿಯಿಂದ ವಡವಾರು ಕಾಲುವೆಯ ಮೂಲಕ ಕಡಲೂರು ಜಿಲ್ಲೆಯ ವೀರಾಣಂ ಕೆರೆಗೆ ನೀರು ಬರುತ್ತದೆ. ಈ ಕೆರೆ ಚೋಳರ ಕಾಲದ್ದು. ೨೦೦೪ರಲ್ಲಿ ಇಲ್ಲಿಂದ ಸುಮಾರು ೨೩೦ ಕಿಲೋಮೀಟರು ದೂರ ಕೊಳವೆಗಳನ್ನು ಹಾಕಿ, ದಿನಕ್ಕೆ ೧೮ ಕೋಟಿ ಲೀಟರು ನೀರನ್ನು ಚೆನ್ನೈಗೆ ತರುವ ಯೋಜನೆ ಕಾರ್ಯಕ್ಕೆ ಬಂದಿತು. ಪುಳಲ್, ಪೂಂಡಿ, ಚೆಂಬರಂಬಾಕ್ಕಂ ಕೆರೆಗಳ ನೀರೂ ಕೃಷ್ಣಾ ನದಿಯ ನೀರೂ ಈ ನಗರಕ್ಕೆ ಉಂಟು; ಸಮುದ್ರದ ನೀರನ್ನು ಸಿಹಿಮಾಡುವ ಕಾರ್ಖಾನೆಗಳೂ ಇವೆ. ಆದರೆ ೨೦೧೯ರ ಬೇಸಗೆಯಲ್ಲಿ ಕೆರೆಗಳೆಲ್ಲ ಒಣಗಿ ನೆಲ ಬಿರಿದಾಗ ನಡೆದುದನ್ನು ನೆನೆಯಬೇಕು. ಆ ವರ್ಷ ಜುಲೈ ೧೨ರಂದು ಜೋಲಾರಪೇಟೆಯಿಂದ ೨೫ ಲಕ್ಷ ಲೀಟರು ನೀರನ್ನು ಹೊತ್ತ ರೈಲುಗಾಡಿ ವಿಲ್ಲಿವಾಕ್ಕಂಗೆ ಬಂದು ನಿಂತಿತು. ಮೆಟ್ಟೂರಿನಿಂದ ಆ ಕಡೆಯ ಊರುಗಳಿಗೆ ಬರುತ್ತಿದ್ದ ಕಾವೇರಿಯ ನೀರೇ ಹಾಗೆ ಗಾಡಿಯೇರಿ ಬಂದದ್ದು. ದೊಡ್ಡ ನಗರ ಕೊಡ ಹಿಡಿದು ನಿಂತಾಗ ಸಣ್ಣ ಬೆಟ್ಟನಾಡಿನ ಬೆಲೆ ತಿಳಿಯುತ್ತದೆ.

ಪ್ರಪಂಚದ ಬೇರೆ ಕಡೆಗಳಲ್ಲಿಯೂ ಇಂತಹ ನಾಡುಗಳುಂಟು. ಆಫ್ರಿಕಾ ಖಂಡದಲ್ಲಿ ಲೆಸೊಥೊ ಎಂಬ ಬೆಟ್ಟದ ರಾಜ್ಯವಿದೆ. ಅದರ ನಾಲ್ಕು ದಿಕ್ಕಿಗೂ ದಕ್ಷಿಣ ಆಫ್ರಿಕಾ ದೇಶವೇ ಸುತ್ತುವರಿದಿದೆ. ೧೯೮೬ರ ಒಪ್ಪಂದದ ಪ್ರಕಾರ ಲೆಸೊಥೊ ತನ್ನ ಎತ್ತರದ ಜಲಾಶಯಗಳಿಂದ ಸುರಂಗಗಳ ಮೂಲಕ ಜೋಹಾನ್ಸ್‌ಬರ್ಗ್ ಸುತ್ತಲಿನ ಪ್ರದೇಶಕ್ಕೆ ನೀರು ಕೊಡುತ್ತದೆ; ಅದಕ್ಕಾಗಿ ಹಣವನ್ನೂ ಪಡೆಯುತ್ತದೆ. ಯೂರೋಪಿನಲ್ಲಿ ಸ್ವಿಟ್ಜರ್ಲೆಂಡ್ ಸಣ್ಣ ದೇಶವಾದರೂ ರೈನ್, ರೋನ್ ಎಂಬ ಮಹಾನದಿಗಳೆರಡೂ ಅದರ ಪರ್ವತಗಳಲ್ಲಿಯೇ ಹುಟ್ಟುತ್ತವೆ. ಎತ್ತರದಲ್ಲಿರುವ ಕಿರಿಯನು ತಗ್ಗಿನಲ್ಲಿರುವ ಹಿರಿಯನಿಗೆ ಬೇಕಾದವನಾಗುವುದು ಹೀಗೆ.

ಎರಡನೆಯ ಕಾರಣ: ಹೆಬ್ಬಾಗಿಲು

ಎರಡು ದೊಡ್ಡ ಪ್ರದೇಶಗಳ ನಡುವಿನ ದಾರಿ ಯಾವ ನಾಡಿನ ಕೈಯಲ್ಲಿದೆಯೋ ಅದಕ್ಕೂ ಹಿರಿಮೆ ಬರುತ್ತದೆ. ಸಿಂಗಾಪುರವನ್ನು ನೋಡಿ. ಅದು ಕೊಡಗಿನ ಐದರಲ್ಲಿ ಒಂದು ಪಾಲಿಗಿಂತಲೂ ಸಣ್ಣದು. ಆದರೆ ಪೂರ್ವ ಪಶ್ಚಿಮಗಳ ಹಡಗುಗಳೆಲ್ಲ ಹಾದುಹೋಗುವ ಮಲಕ್ಕಾ ಜಲಸಂಧಿಯ ಬಾಯಲ್ಲಿ ಅದು ಕುಳಿತಿದೆ. ೧೯೬೫ರಲ್ಲಿ ಸ್ವತಂತ್ರವಾದ ಈ ದ್ವೀಪ ಇಂದು ಲೋಕದ ಅತಿ ದೊಡ್ಡ ಬಂದರುಗಳಲ್ಲಿ ಒಂದು. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು: ಅಷ್ಟು ಸಿರಿವಂತವಾದ ಸಿಂಗಾಪುರವೂ ತನ್ನ ನೀರಿನ ಒಂದು ಭಾಗಕ್ಕೆ ನೆರೆಯ ಮಲೇಷಿಯಾವನ್ನು ಅವಲಂಬಿಸಿದೆ. ಯಾರೂ ಪೂರ್ತಿಯಾಗಿ ಕೊಡುವವರಲ್ಲ. ಯಾರೂ ಪೂರ್ತಿಯಾಗಿ ಬೇಡುವವರೂ ಅಲ್ಲ.

ಕೊಡಗು ಕಡಲಿಲ್ಲದ ನಾಡು. ಆದರೆ ಮಲಬಾರಿನ ಕರಾವಳಿಗೂ ಮೈಸೂರಿನ ಬಯಲಿಗೂ ನಡುವಿನ ಘಟ್ಟದ ದಾರಿಗಳು ಅದರಲ್ಲಿದ್ದುವು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಶ್ರೀರಂಗಪಟ್ಟಣದ ಟಿಪ್ಪು ಸುಲ್ತಾನನಿಗೂ ಇಂಗ್ಲಿಷರ ಕಂಪನಿಗೂ ಯುದ್ಧಗಳಾದಾಗ ಈ ದಾರಿಗೆ ಬಂದ ಬೆಲೆ ಅಷ್ಟಿಷ್ಟಲ್ಲ. ಟಿಪ್ಪುವಿನ ಸೈನ್ಯಕ್ಕೂ ಕೊಡಗರಿಗೂ ನಡೆದ ಹೋರಾಟದಲ್ಲಿ ಬಹುಮಂದಿ ಕೊಡಗರು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋಗಬೇಕಾಯಿತು. ಹಾಲೇರಿಯ ಅರಸನಾದ ದೊಡ್ಡ ವೀರರಾಜೇಂದ್ರನು ೧೭೯೦ರಲ್ಲಿ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡನು. ಕರಾವಳಿಯಿಂದ ಘಟ್ಟ ಹತ್ತಿಬಂದ ಮುಂಬಯಿ ಸೈನ್ಯಕ್ಕೆ ತನ್ನ ನಾಡಿನಲ್ಲಿ ಹಾದಿ ಕೊಟ್ಟನು. ದವಸವನ್ನೂ ದನಗಳನ್ನೂ ಒದಗಿಸಿದನು. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಆ ಸೈನ್ಯವೂ ಮುತ್ತಿಗೆಯಲ್ಲಿತ್ತು.

ಈ ಉಪಕಾರಕ್ಕೆ ಕೊಡಗಿಗೆ ಸಂದ ಪ್ರತಿಫಲವೇನು? ೧೭೯೯ ಕಳೆದು ಮೂವತ್ತೈದು ವರ್ಷಗಳೊಳಗೆ, ೧೮೩೪ರಲ್ಲಿ, ಕಂಪನಿಯವರೇ ಕೊಡಗಿನ ಮೇಲೆ ದಂಡೆತ್ತಿ ಬಂದರು. ಕೊನೆಯ ಅರಸನಾದ ಚಿಕ್ಕವೀರರಾಜೇಂದ್ರನನ್ನು ಗದ್ದುಗೆಯಿಂದಿಳಿಸಿ ಕಾಶಿಗೆ ಕಳುಹಿಸಿದರು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ತಮ್ಮ 'ಚಿಕವೀರ ರಾಜೇಂದ್ರ' ಕಾದಂಬರಿಗೆ ಈ ದುರಂತವನ್ನೇ ವಸ್ತುವಾಗಿ ಆರಿಸಿಕೊಂಡರು. ಮದರಾಸು ವಿಶ್ವವಿದ್ಯಾಲಯದಲ್ಲಿ ಎಂ. ಎ. ಪದವಿಯನ್ನು ಪಡೆದ ಅವರಿಗೆ ೧೯೮೩ರ ಜ್ಞಾನಪೀಠ ಪ್ರಶಸ್ತಿ ಸಂದಿತು. ಅರಸನ ದೋಷಗಳೂ ಪತನಕ್ಕೆ ಕಾರಣವಾಗಿರಬಹುದು. ಆದರೂ ರಾಜನೀತಿಯ ಒಂದು ಪಾಠ ಇಲ್ಲಿ ಸ್ಪಷ್ಟವಾಗಿದೆ. ಬಾಗಿಲಲ್ಲಿರುವ ನಾಡು ಎಲ್ಲರಿಗೂ ಬೇಕು. ಆದರೆ ಬೇಕಾದವರೆಲ್ಲ ಅದರ ಹಿತೈಷಿಗಳೆಂದು ತಿಳಿಯಬಾರದು. ಹಿರಿಮೆಯ ಬೆನ್ನಿಗೇ ಅಪಾಯವೂ ಬರುತ್ತದೆ.

ಮೂರನೆಯ ಕಾರಣ: ನೆಲದ ಬೆಳೆ

ಮೂರನೆಯದು, ಇತರರಲ್ಲಿ ಇಲ್ಲದ ಅಥವಾ ಸಾಲದ ವಸ್ತುವನ್ನು ಬೆಳೆಯುವುದು. ೧೮೫೦ರ ದಶಕದಿಂದ ಐರೋಪ್ಯರು ಕೊಡಗಿನಲ್ಲಿ ಕಾಫಿತೋಟಗಳನ್ನು ಮಾಡತೊಡಗಿದರು. ಅನಂತರ ನಾಡಿನವರೇ ಬೆಳೆಗಾರರಾದರು. ಇಂದು ಭಾರತದಲ್ಲಿ ಬೆಳೆಯುವ ಕಾಫಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಈ ಒಂದು ಜಿಲ್ಲೆಯದು. ಭಾರತದ ಕಾಫಿಯಲ್ಲಿ ಹೆಚ್ಚಿನದು ಇಟಲಿ, ಜರ್ಮನಿ ಮೊದಲಾದ ದೇಶಗಳಿಗೆ ಹಡಗೇರುತ್ತದೆ. ಉಳಿದುದರಲ್ಲಿ ಒಂದಿಷ್ಟು ಚೆನ್ನೈಯ ಫಿಲ್ಟರುಗಳಿಗೂ, ನಮ್ಮ ಕರಾವಳಿಯ ಹಿರಿಯರು ಇಲ್ಲಿ ಕಟ್ಟಿ ಬೆಳೆಸಿದ ಉಡುಪಿ ಹೋಟೆಲುಗಳ ಲೋಟಗಳಿಗೂ ಬರುತ್ತದೆ. ಕಾಫಿಗಿಡಕ್ಕೆ ನೆರಳು ಬೇಕು. ಆದ್ದರಿಂದ ತೋಟದಲ್ಲಿ ದೊಡ್ಡ ಮರಗಳನ್ನು ಉಳಿಸಿ, ಅವುಗಳಿಗೆ ಮೆಣಸಿನ ಬಳ್ಳಿಯನ್ನು ಹಬ್ಬಿಸುವುದು ಕೊಡಗಿನ ಪದ್ಧತಿ. ಮರವಿದ್ದಲ್ಲಿ ಮಳೆನೀರು ನೆಲದೊಳಕ್ಕೆ ಇಂಗುತ್ತದೆ. ಇಂಗಿದ ನೀರು ಬೇಸಗೆಯಲ್ಲಿ ತೊರೆಯಾಗಿ ಹೊರಡುತ್ತದೆ. ಹೀಗೆ ಕಾಫಿಯ ಕಥೆಯೂ ಕೊನೆಗೆ ಕಾವೇರಿಯ ಕಥೆಯನ್ನೇ ಸೇರುತ್ತದೆ.

ನಾಲ್ಕನೆಯ ಕಾರಣ: ಜನ

ಇವೆಲ್ಲಕ್ಕಿಂತ ಮಿಗಿಲಾದುದು ಜನರ ಗುಣ. ಮಳೆಯೂ ಬೆಟ್ಟವೂ ದೈವದತ್ತವಾದುವು; ಗುಣವಾದರೋ ಮನುಷ್ಯನ ಸಂಪಾದನೆ.

ಮಡಿಕೇರಿಯಲ್ಲಿ ಓದಿದ ಹುಡುಗನೊಬ್ಬನು ಹೆಚ್ಚಿನ ವಿದ್ಯೆಗಾಗಿ ಈ ಊರಿಗೆ ಬಂದು, ಮರೀನಾ ಕಡಲ ದಂಡೆಯ ಎದುರಿನಲ್ಲಿರುವ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿದನು. ಆತನೇ ಮುಂದೆ ಕೋದಂಡೇರ ಮಾದಪ್ಪ ಕಾರ್ಯಪ್ಪ ಎಂದು ಪ್ರಸಿದ್ಧರಾದವರು. ೧೯೪೯ರ ಜನವರಿ ೧೫ರಂದು ಅವರು ಭಾರತ ಸೈನ್ಯದ ಮಹಾದಂಡನಾಯಕರಾದರು. ಅದುವರೆಗೆ ಆ ಸ್ಥಾನದಲ್ಲಿ ಇಂಗ್ಲಿಷರೇ ಇದ್ದರು. ಆ ದಿನವನ್ನು ಇಂದಿಗೂ ದೇಶವೆಲ್ಲ ಸೇನಾದಿನವೆಂದು ಆಚರಿಸುತ್ತದೆ. ೧೯೮೬ರಲ್ಲಿ ಅವರಿಗೆ ಫೀಲ್ಡ್ ಮಾರ್ಷಲ್ ಪದವಿ ಸಂದಿತು.

ಅವರಂತೆಯೇ ಕೊಡಗಿನವರಾದ ಜನರಲ್ ಕೆ. ಎಸ್. ತಿಮ್ಮಯ್ಯನವರ ಕಥೆ ನಮ್ಮ ಪಾಠಕ್ಕೆ ಇನ್ನೂ ಹತ್ತಿರವಾದುದು. ೧೯೫೩ರಲ್ಲಿ ಕೊರಿಯಾದ ಯುದ್ಧ ನಿಂತಾಗ, ತಮ್ಮ ದೇಶಕ್ಕೆ ಹಿಂದಿರುಗಲು ಒಪ್ಪದ ಯುದ್ಧಕೈದಿಗಳನ್ನು ಏನು ಮಾಡಬೇಕೆಂಬ ಪ್ರಶ್ನೆ ಬಂದಿತು. ಎರಡು ಪಕ್ಷಗಳೂ ನಂಬುವ ತಟಸ್ಥ ಆಯೋಗವೊಂದು ಏರ್ಪಟ್ಟಿತು. ಅದರ ಅಧ್ಯಕ್ಷರಾದವರು ತಿಮ್ಮಯ್ಯನವರು. ೧೯೫೭ರಿಂದ ೧೯೬೧ರವರೆಗೆ ಅವರು ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದು ನಿವೃತ್ತರಾದರು. ಆ ಬಳಿಕ ೧೯೬೪ರಲ್ಲಿ ವಿಶ್ವಸಂಸ್ಥೆ ಅವರನ್ನು ಸೈಪ್ರಸ್ ದ್ವೀಪಕ್ಕೆ ಕಳುಹಿಸಿತು.

ಸೈಪ್ರಸ್ ಕೂಡ ಒಂದು ಕಿರುನಾಡೇ. ಅದರ ವಿಸ್ತೀರ್ಣ ೯,೨೫೧ ಚದರ ಕಿಲೋಮೀಟರು. ಮೂರು ಖಂಡಗಳ ದಾರಿ ಕೂಡುವ ಕಡಲಿನಲ್ಲಿ ನಿಂತಿರುವುದರಿಂದ ಅದನ್ನು ಬಯಸದ ಸಾಮ್ರಾಜ್ಯವಿಲ್ಲ. ೧೯೬೦ರಲ್ಲಿ ಸ್ವತಂತ್ರವಾದ ಆ ದ್ವೀಪದಲ್ಲಿ ಗ್ರೀಕರಿಗೂ ತುರುಕರಿಗೂ ಕಲಹ ಹತ್ತಿತು. ಅವರ ನಡುವೆ ವಿಶ್ವಸಂಸ್ಥೆಯ ಶಾಂತಿಪಡೆಯ ದಂಡನಾಯಕರಾಗಿ ನಿಂತ ತಿಮ್ಮಯ್ಯನವರು ೧೯೬೫ರ ಡಿಸೆಂಬರ್ ೧೮ರಂದು, ಕರ್ತವ್ಯದಲ್ಲಿರುವಾಗಲೇ, ಅಲ್ಲಿಯೇ ನಿಧನರಾದರು. ಮರುವರ್ಷ ಸೈಪ್ರಸ್ ಸರಕಾರ ಅವರ ಸ್ಮರಣೆಗಾಗಿ ಅಂಚೆಚೀಟಿಯನ್ನು ಹೊರಡಿಸಿತು. ಸಣ್ಣ ನಾಡಿನಲ್ಲಿ ಹುಟ್ಟಿದವರೊಬ್ಬರು ಇನ್ನೊಂದು ಸಣ್ಣ ನಾಡಿನ ಶಾಂತಿಗಾಗಿ ದುಡಿದು ಮಡಿದರು. ಪರರ ಜಗಳದಲ್ಲಿ ಪಕ್ಷ ವಹಿಸದೆ, ಇಬ್ಬರ ವಿಶ್ವಾಸವನ್ನೂ ಉಳಿಸಿಕೊಳ್ಳುವುದು ಎಷ್ಟು ಕಷ್ಟವೆಂಬುದು ಜಗಳದ ನಡುವೆ ನಿಂತವರಿಗೇ ಗೊತ್ತು.

ನುಡಿಯ ವಿಷಯದಲ್ಲಿಯೂ ಕೊಡಗು ತನ್ನ ಅಳತೆಯನ್ನು ಮೀರಿ ಕೊಟ್ಟಿದೆ. ದೊಡ್ಡ ವೀರರಾಜೇಂದ್ರನು ತನ್ನ ವಂಶದ ಚರಿತ್ರೆಯಾದ 'ರಾಜೇಂದ್ರನಾಮೆ'ಯನ್ನು ಬರೆಯಿಸಿದ್ದು ಕನ್ನಡದಲ್ಲಿ. ಕೊಡವ ತಕ್ಕ್ ಎಂಬುದು ಅಲ್ಲಿಯ ಒಂದು ನುಡಿ. ೨೦೧೧ರ ಜನಗಣತಿಯಲ್ಲಿ ಅದನ್ನು ತಾಯ್ನುಡಿಯೆಂದು ಹೇಳಿದವರು ಒಂದು ಲಕ್ಷಕ್ಕೆ ತುಸು ಹೆಚ್ಚು. ಆ ನುಡಿಯ ಹಾಡುಗಳನ್ನೂ ಸಂಪ್ರದಾಯಗಳನ್ನೂ ನಡಿಕೇರಿಯಂಡ ಚಿಣ್ಣಪ್ಪನವರು ಕಲೆಹಾಕಿ, ೧೯೨೪ರಲ್ಲಿ 'ಪಟ್ಟೋಲೆ ಪಳಮೆ' ಎಂಬ ಗ್ರಂಥವಾಗಿ ಪ್ರಕಟಿಸಿದರು. ಅದನ್ನು ಅಚ್ಚು ಮಾಡಿದ್ದು ಕನ್ನಡ ಅಕ್ಷರಗಳಲ್ಲಿ. ಕನ್ನಡದ ಮೊದಲ ಕಥೆಗಾರ್ತಿಯರಲ್ಲಿ ಒಬ್ಬರಾದ ಗೌರಮ್ಮನವರನ್ನು ನಾವು ಇಂದಿಗೂ ಕರೆಯುವುದು 'ಕೊಡಗಿನ ಗೌರಮ್ಮ' ಎಂದೇ. ಆಡುವವರು ಕೆಲವರಾದರೂ, ಆಡುವುದನ್ನು ಬರೆದಿಟ್ಟರೆ ನುಡಿ ಉಳಿಯುತ್ತದೆ ಎಂಬುದಕ್ಕೆ ಚಿಣ್ಣಪ್ಪನವರ ಗ್ರಂಥವೇ ಸಾಕ್ಷಿ.

ಹಿರಿಮೆಯ ಭಾರ

ನಿಂತ ನೆಲೆ, ಹೆಬ್ಬಾಗಿಲು, ನೆಲದ ಬೆಳೆ, ಜನರ ಗುಣ ಈ ನಾಲ್ಕನ್ನು ಒಟ್ಟಿಗೆ ನೋಡಿದರೆ ಒಂದು ಸೂತ್ರ ದೊರೆಯುತ್ತದೆ. ನಾಡಿನ ಹಿರಿಮೆಯನ್ನು ಅಳೆಯಬೇಕಾದುದು ಅದು ಎಷ್ಟು ನೆಲವನ್ನು ಆಕ್ರಮಿಸಿದೆ ಎಂಬುದರಿಂದಲ್ಲ, ಎಷ್ಟು ಜನರ ಬಾಳು ಅದನ್ನು ಆತುಕೊಂಡಿದೆ ಎಂಬುದರಿಂದ. ಆದರೆ ಹಲವರು ಆತುಕೊಂಡ ಕಂಬಕ್ಕೆ ಭಾರವೂ ಹೆಚ್ಚು. ಕಂಬ ಸಣ್ಣದಾಗಿದ್ದರೆ ಅದರ ಕಾಳಜಿ ಮನೆಯವರೆಲ್ಲರಿಗೂ ಇರಬೇಕು.

೨೦೧೮ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಸುರಿದ ಭಾರಿ ಮಳೆಗೆ ಬೆಟ್ಟಗಳು ಕುಸಿದುವು. ಮಕ್ಕಂದೂರು, ಜೋಡುಪಾಲ ಮೊದಲಾದ ಕಡೆಗಳಲ್ಲಿ ಮನೆ, ತೋಟ, ರಸ್ತೆಗಳು ಮಣ್ಣಿನಡಿಯಾದುವು. ಹಲವರು ಪ್ರಾಣ ಕಳೆದುಕೊಂಡರು. ಸಾವಿರಾರು ಮಂದಿ ಮನೆ ಬಿಟ್ಟು ಶಿಬಿರಗಳನ್ನು ಸೇರಿದರು. ೨೦೨೦ರ ಆಗಸ್ಟಿನಲ್ಲಿ ತಲಕಾವೇರಿಯ ಬೆಟ್ಟವೇ ಜರಿದು ಅರ್ಚಕರ ಮನೆಯನ್ನು ಕೊಚ್ಚಿಕೊಂಡು ಹೋಯಿತು. ಮಳೆಯ ಅತಿರೇಕ ಒಂದು ಕಾರಣ. ಇಳಿಜಾರುಗಳನ್ನು ಅಗೆದು ರಸ್ತೆಗಳನ್ನೂ ವಸತಿಗೃಹಗಳನ್ನೂ ಕಟ್ಟುವುದು, ಮರಗಳನ್ನು ಕಡಿಯುವುದು ಇವುಗಳಿಂದ ನೆಲದ ಹಿಡಿತ ಸಡಿಲವಾಗುವುದು ಇನ್ನೊಂದು ಕಾರಣ. ಆ ಕಟ್ಟ��ಗಳಲ್ಲಿ ತಂಗಲು ಹೋಗುವವರು ಹೆಚ್ಚಾಗಿ ದೊಡ್ಡ ನಗರಗಳ ಜನ. ದೊಡ್ಡವರ ಬಾಯಾರಿಕೆಯನ್ನು ನೀಗಿಸುವ ನಾಡು ದೊಡ್ಡವರ ವಿನೋದದ ಭಾರವನ್ನೂ ಹೊರಬೇಕಾಗಿದೆ.

ಕಾವೇರಿಯ ನೀರನ್ನು ಹಂಚಿಕೊಳ್ಳುವ ವಿಷಯ ನಿಮಗೆಲ್ಲರಿಗೂ ತಿಳಿದದ್ದೇ. ೧೮೯೨ರಲ್ಲಿಯೂ ೧೯೨೪ರಲ್ಲಿಯೂ ಮೈಸೂರು, ಮದರಾಸು ಸರಕಾರಗಳ ನಡುವೆ ಒಪ್ಪಂದಗಳಾದುವು. ೧೯೯೦ರಲ್ಲಿ ನ್ಯಾಯಮಂಡಳಿ ರಚಿತವಾಗಿ ೨೦೦೭ರಲ್ಲಿ ಅಂತಿಮ ತೀರ್ಪನ್ನು ಕೊಟ್ಟಿತು. ೨೦೧೮ರ ಫೆಬ್ರುವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ತಿದ್ದಿ, ತಮಿಳುನಾಡಿಗೆ ೪೦೪.೨೫, ಕರ್ನಾಟಕಕ್ಕೆ ೨೮೪.೭೫, ಕೇರಳಕ್ಕೆ ೩೦, ಪುದುಚೇರಿಗೆ ೭ ಟಿ.ಎಂ.ಸಿ. ಎಂದು ಪಾಲು ಮಾಡಿತು. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ ನೀರು. ಮಳೆ ಚೆನ್ನಾಗಿ ಬಂದ ವರ್ಷ ಈ ಅಂಕಿಗಳನ್ನು ಯಾರೂ ಕೇಳುವುದಿಲ್ಲ. ಮಳೆ ಕೈಕೊಟ್ಟ ವರ್ಷ ಮಾತು ಬಿಸಿಯಾಗುತ್ತದೆ. ೧೯೯೧ರಲ್ಲಿಯೂ ೨೦೧೬ರಲ್ಲಿಯೂ ಮಾತು ಕೈಗೆ ಹೋಗಿ, ಬೆಂಗಳೂರಿನಲ್ಲಿದ್ದ ತಮಿಳರೂ ತಮಿಳುನಾಡಿನಲ್ಲಿದ್ದ ಕನ್ನಡಿಗರೂ ತಮ್ಮ ತಪ್ಪಿಲ್ಲದೆ ಕಷ್ಟಕ್ಕೊಳಗಾದರು.

ಇಂತಹ ದಿನಗಳಲ್ಲಿ ಚೆನ್ನೈಯ ಕನ್ನಡ ಮಕ್ಕಳ ಸ್ಥಿತಿ ವಿಚಿತ್ರವಾದುದು. "ನೀನು ಯಾರ ಕಡೆ?" ಎಂದು ಬೀದಿಯಲ್ಲಿ ಗೆಳೆಯರು ಕೇಳಬಹುದು. ರಜೆಯಲ್ಲಿ ಊರಿಗೆ ಹೋದಾಗ ನೆಂಟರೂ ಅದನ್ನೇ ಕೇಳಬಹುದು. ಈ ಪ್ರಶ್ನೆಗೆ ಹೆದರಿ ಭಾಷೆಯನ್ನು ಅಡಗಿಸಬೇಕಾಗಿಲ್ಲ. ಸಿಟ್ಟಾಗಿ ಜಗಳಕ್ಕೆ ನಿಲ್ಲಬೇಕಾಗಿಯೂ ಇಲ್ಲ. ನದಿಯ ಸಂಗತಿಯನ್ನು ಮೊದಲಿನಿಂದ ಕೊನೆಯವರೆಗೆ ಬಲ್ಲವನಾಗಿ ಉತ್ತರ ಹೇಳಿದರೆ ಸಾಕು. ಮಂಡ್ಯದ ರೈತನ ಕಬ್ಬಿನ ಗದ್ದೆ ಒಣಗುವುದನ್ನೂ, ತಂಜಾವೂರಿನ ರೈತನ ಬತ್ತದ ಸಸಿ ಒಣಗುವುದನ್ನೂ ಒಂದೇ ಮನಸ್ಸಿನಿಂದ ಹೇಳಬಲ್ಲವರು ಎರಡು ನುಡಿಗಳನ್ನೂ ಬಲ್ಲ ಮಕ್ಕಳೇ ಅಲ್ಲವೇ? ಪಾಲಿನ ಲೆಕ್ಕವನ್ನು ನ್ಯಾಯಾಲಯ ಮಾಡಲಿ. ಆದರೆ ಹಂಚಿಕೊಳ್ಳುವ ನೀರು ಹುಟ್ಟುವ ಬೆಟ್ಟದಲ್ಲಿ ಮರ ಉಳಿದರೆ ಮಾತ್ರ ಇಬ್ಬರಿಗೂ ಪಾಲು. ಮರ ಅಳಿದರೆ ಇಬ್ಬರಿಗೂ ಇಲ್ಲ. ಈ ಮಾತನ್ನು ಕನ್ನಡದಲ್ಲಿ ಅಲ್ಲಿ, ತಮಿಳಿನಲ್ಲಿ ಇಲ್ಲಿ, ಹೇಳುವ ಹೊಣೆ ನಮ್ಮದು.

ನಾವು ಈ ಮಹಾನಗರದಲ್ಲಿ ಸಂಖ್ಯೆಯಿಂದ ಚಿಕ್ಕವರು. ಕನ್ನಡ ಓದಿ ಪ್ರಯೋಜನವೇನೆಂದು ಕೇಳುವವರು ನಮ್ಮ ಮನೆಗಳಲ್ಲಿಯೂ ಉಂಟು. ಅವರಿಗೆ ಕೊಡಗಿನ ಅಳತೆಯನ್ನೂ ಕೊಡಗಿನ ಕೊಡುಗೆಯನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸಿರಿ. ಚಿಕ್ಕವರಾಗಿರುವುದು ಕೊರತೆಯಲ್ಲ, ಇತರರಿಗೆ ಬೇಡದವರಾಗುವುದು ಕೊರತೆ. ಎರಡು ನಾಡುಗಳ ನಡುವೆ ನಿಂತು, ಒಬ್ಬರ ಮಾತನ್ನು ಇನ್ನೊಬ್ಬರಿಗೆ ಸರಿಯಾಗಿ ತಿಳಿಸಬಲ್ಲವರು ಎರಡು ಕಡೆಗೂ ಬೇಕಾದವರಾಗುತ್ತಾರೆ.

ಅಭ್ಯಾಸ

೧. ದಕ್ಷಿಣಭಾರತದ ನಕ್ಷೆಯನ್ನು ಬರೆದು, ತಲಕಾವೇರಿಯಿಂದ ವೀರಾಣಂ ಕೆರೆಯವರೆಗೆ ಕಾವೇರಿಯ ದಾರಿಯನ್ನೂ ಅಲ್ಲಿಂದ ಚೆನ್ನೈಗೆ ಬರುವ ಕೊಳವೆಯ ದಾರಿಯನ್ನೂ ಗುರುತಿಸಿರಿ.

೨. ನಿಮ್ಮ ಮನೆಗೆ ಬರುವ ನೀರು ಯಾವ ಕೆರೆಯದು ಅಥವಾ ಯಾವ ನದಿಯದು? ಹಿರಿಯರನ್ನು ಕೇಳಿ ತಿಳಿದು ಹತ್ತು ವಾಕ್ಯಗಳಲ್ಲಿ ಬರೆಯಿರಿ.

೩. ವೀರಾಣಂ ಯೋಜನೆಯಿಂದ ದಿನಕ್ಕೆ ೧೮ ಕೋಟಿ ಲೀಟರು ನೀರು ಬರುವುದೆಂದೂ, ಒಬ್ಬರಿಗೆ ದಿನಕ್ಕೆ ೧೦೦ ಲೀಟರು ಬೇಕೆಂದೂ ಇಟ್ಟುಕೊಂಡರೆ, ಆ ನೀರು ಎಷ್ಟು ಜನರಿಗೆ ಸಾಕಾಗುತ್ತದೆ? ಆ ಸಂಖ್ಯೆಯನ್ನು ಕೊಡಗಿನ ಜನಸಂಖ್ಯೆಯೊಡನೆ ಹೋಲಿಸಿರಿ.

೪. ಲೆಸೊಥೊ, ಸಿಂಗಾಪುರ, ಸೈಪ್ರಸ್ ಇವುಗಳ ಹಿರಿಮೆಗೆ ಈ ಪಾಠದಲ್ಲಿ ಹೇಳಿದ ಕಾರಣಗಳಲ್ಲಿ ಯಾವುದು ಯಾವುದಕ್ಕೆ ಹೊಂದುತ್ತದೆ? ಇಂತಹ ಇನ್ನೊಂದು ಕಿರುನಾಡನ್ನು ಭೂಪಟದಲ್ಲಿ ಹುಡುಕಿ, ಅದರ ವಿಷಯವನ್ನು ತರಗತಿಯಲ್ಲಿ ಹೇಳಿರಿ.